ಏರ್‌ಫ್ಲೋ ಸೆನ್ಸರ್ ಕೋಡ್ ಬಂತು ಅಂತ ಸೆನ್ಸರ್ ಬದಲಿಸಲು ಹೋಗಬೇಡಿ

ಚೆಕ್ ಇಂಜಿನ್ ಲೈಟ್ ಹತ್ತಿದೆ. ಸ್ಕ್ಯಾನರ್‌ನಲ್ಲಿ ಪಿ0101 ಅಂತ ಬಂದಿದೆ. ಗ್ಯಾರೇಜಿನವರು "ಏರ್‌ಫ್ಲೋ ಸೆನ್ಸರ್ ಹೋಗಿದೆ ಸರ್, ಹೊಸದು ಹಾಕ್ಬೇಕು" ಅಂತಿದ್ದಾರೆ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಅದು. ಹೀಗಿದ್ದರೆ ದಯವಿಟ್ಟು ಅಲ್ಲೇ ಒಂದು ನಿಮಿಷ ತಡೆಯಿರಿ. ಅದರಲ್ಲೂ ಗಾಡಿಗೆ ಸೂಪರ್‌ಚಾರ್ಜರ್ ಅಥವಾ ಟರ್ಬೊ ಇದ್ದರೆ ಖಂಡಿತ ತಡೆಯಿರಿ. ದಾವಣಗೆರೆಯಲ್ಲಿ ನನಗೆ ಆದದ್ದನ್ನು ಬರೆಯುತ್ತಿದ್ದೇನೆ. ಗ್ಯಾರೇಜಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಕೋಡ್ ನೋಡಿ ಪಾರ್ಟ್ ಬದಲಿಸುವ ಚಾಳಿ ಒಂದೇ ಗ್ಯಾರೇಜಿನದಲ್ಲ.

ನನ್ನದು ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಸೆಡಾನ್. 1.8 ಲೀಟರ್ ಇಂಜಿನ್, ಜೊತೆಗೆ ಸೂಪರ್‌ಚಾರ್ಜರ್. ಟರ್ಬೊ ತಿರುಗುವುದು ಸೈಲೆನ್ಸರ್ ಕಡೆ ಹೋಗುವ ಹೊಗೆಯ ರಭಸದಿಂದ. ಸೂಪರ್‌ಚಾರ್ಜರ್ ತಿರುಗುವುದು ಇಂಜಿನ್ ಬೆಲ್ಟಿನಿಂದ. ಮಾಡುವ ಕೆಲಸ ಎರಡರದ್ದೂ ಒಂದೇ, ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವುದು. ನಮ್ಮ ಕಡೆ ಸೂಪರ್‌ಚಾರ್ಜರ್ ಗಾಡಿ ಅಪರೂಪ. ಹಾಗಾಗಿ ಅದನ್ನು ಬಿಚ್ಚಿ ನೋಡಿದವರೂ ಅಪರೂಪ. ಆದರೆ "ಗೊತ್ತಿಲ್ಲ ಸರ್" ಅನ್ನುವವರು ಅದಕ್ಕಿಂತ ಅಪರೂಪ!

ಮೊದಲು ಕೆಟ್ಟಿದ್ದು ಐಡ್ಲಿಂಗ್, ಅಂದರೆ ಗಾಡಿ ನಿಂತಿದ್ದಾಗ ಇಂಜಿನ್ ತಿರುಗುವುದು. ಪಿ.ಬಿ. ರೋಡಿನ ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು ಸುಮ್ನೆ ಏರುತ್ತಿತ್ತು, ಇಳಿಯುತ್ತಿತ್ತು. ಹೈವೇಯಲ್ಲಿ ಸಮನಾಗಿ ಹೋಗುವಾಗ ಏನೂ ತೊಂದರೆ ಇಲ್ಲ. ಆನಗೋಡು ದಾಟಿ ಚಿತ್ರದುರ್ಗದ ಕಡೆ ಏರು ಸಿಕ್ಕಾಗ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಪಿಕಪ್ ಇಲ್ಲ. ಹಿಂದೆ ಕಪ್ಪು ಹೊಗೆ, ಒಳಗೆ ಪೆಟ್ರೋಲ್ ವಾಸನೆ. ನಿಂತಾಗ ಒಂದು, ಏರಿನಲ್ಲಿ ಇನ್ನೊಂದು, ಈ ಎರಡು ಲಕ್ಷಣ ನೆನಪಿಟ್ಟುಕೊಳ್ಳಿ. ಇಡೀ ಕಥೆ ಇರುವುದೇ ಇದರಲ್ಲಿ.

ಗ್ಯಾರೇಜಿನಲ್ಲಿ ಹುಡುಗ ಸ್ಕ್ಯಾನರ್ ಚುಚ್ಚಿದ. ಎರಡು ಕೋಡ್ ಬಂದವು, ಪಿ0101 ಮತ್ತು ಪಿ0171. ಮೊದಲನೆಯದು, ಏರ್‌ಫ್ಲೋ ಸೆನ್ಸರ್ ಹೇಳುವ ಲೆಕ್ಕ ಇಂಜಿನ್ ಕಂಪ್ಯೂಟರಿನ ಅಂದಾಜಿಗೆ ತಾಳೆ ಆಗುತ್ತಿಲ್ಲ ಅಂತ. ಎರಡನೆಯದು, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತ. "ಸೆನ್ಸರ್ ಕೆಟ್ಟಿದೆ" ಅಂತ ಎರಡರಲ್ಲೂ ಎಲ್ಲೂ ಇಲ್ಲ. ಸೆನ್ಸರಿನ ಕರೆಂಟ್ ಸಿಗ್ನಲ್ಲೇ ಹದ್ದು ಮೀರಿ ಕಡಿಮೆಯಾದರೆ ಪಿ0102, ಜಾಸ್ತಿಯಾದರೆ ಪಿ0103 ಬರುತ್ತದೆ. ಅದು ಬೇರೆ ವಿಷಯ, ಆಗ ಸೆನ್ಸರ್ ಅಥವಾ ವೈರಿಂಗ್ ಮೇಲೆ ಅನುಮಾನ ಪಡುವುದು ನ್ಯಾಯ.

ನಾನು ಅನುಮಾನದಲ್ಲಿ ಮುಖ ನೋಡಿದ್ದಕ್ಕೆ ಹುಡುಗ ಒಂದು ಪರೀಕ್ಷೆ ಮಾಡಿ ತೋರಿಸಿದ. ಸೆನ್ಸರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಿತ್ತು ಗಾಡಿ ಸ್ಟಾರ್ಟ್ ಮಾಡಿದ. ಐಡ್ಲಿಂಗ್ ಸ್ವಲ್ಪ ನೆಟ್ಟಗಾಯಿತು. "ನೋಡ್ರಿ ಸರ್, ಇದಕ್ಕಿಂತ ಪ್ರೂಫ್ ಬೇಕಾ?" ಅಂದ. ಇದನ್ನು ಎಷ್ಟೋ ಕಡೆ ಮಾಡುತ್ತಾರೆ. ಆದರೆ ಇದು ಪ್ರೂಫ್ ಅಲ್ಲ. ಕಪ್ಲರ್ ಕಿತ್ತಾಗ ಕಂಪ್ಯೂಟರ್ ಸೆನ್ಸರನ್ನು ಬಿಟ್ಟು, ಥ್ರಾಟಲ್, ಆರ್‌ಪಿಎಂ, ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡ ಇವುಗಳಿಂದ ಅಂದಾಜಿನ ಲೆಕ್ಕ ಹಾಕುತ್ತದೆ. ಎಲ್ಲೋ ಏರ್ ಲೀಕ್ ಇದ್ದರೂ ಆ ಅಂದಾಜಿನಲ್ಲಿ ಗಾಡಿ ಚೆನ್ನಾಗೇ ಓಡಬಹುದು.

ಏರ್‌ಫ್ಲೋ ಸೆನ್ಸರ್ ಒಳಗೆ ಕೂದಲಿನಷ್ಟು ತೆಳ್ಳಗಿನ ತಂತಿ ಅಥವಾ ಪುಟ್ಟ ಫಿಲ್ಮ್ ಇರುತ್ತದೆ. ಕರೆಂಟ್ ಕೊಟ್ಟು ಅದನ್ನು ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಹರಿದಷ್ಟೂ ಅದು ತಣ್ಣಗಾಗುತ್ತದೆ. ಮತ್ತೆ ಅದೇ ಬಿಸಿಗೆ ತರಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದೇ ಗಾಳಿಯ ಲೆಕ್ಕ. ಅದನ್ನು ಸೆಕೆಂಡಿಗೆ ಇಷ್ಟು ಗ್ರಾಂ ಅಂತ ಸ್ಕ್ಯಾನರ್ ತೋರಿಸುತ್ತದೆ. ನನ್ನ ಗಾಡಿಯಷ್ಟು ದೊಡ್ಡ ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಸುಮಾರು 2ರಿಂದ 4 ಗ್ರಾಂ ತೋರಿಸಬೇಕು. ಸೆನ್ಸರ್ ಇರುವುದು ಏರ್ ಫಿಲ್ಟರ್ ಆದ ತಕ್ಷಣ. ಅದನ್ನು ದಾಟಿ ಇಂಜಿನ್ ಕಡೆ ಎಲ್ಲಿ ತೂತಾದರೂ ಸೆನ್ಸರಿಗೆ ಅದು ಗೊತ್ತಾಗುವುದಿಲ್ಲ.

ಸೂಪರ್‌ಚಾರ್ಜರ್ ಗಾಡಿಯ ಮಜಾ, ಅಥವಾ ಕರ್ಮ, ಇಲ್ಲಿದೆ. ಐಡ್ಲಿಂಗ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್, ಅಂದರೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ ಇರುತ್ತದೆ. ಅಲ್ಲಿ ಒಂದು ಪೈಪ್ ಸೀಳಿದರೆ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಮುಳ್ಳು ಕುಣಿಯುತ್ತದೆ. ಅದೇ ಗಾಡಿ ಏರು ಹತ್ತುವಾಗ ಸೂಪರ್‌ಚಾರ್ಜರ್ ಒತ್ತಡ ತುಂಬುತ್ತದೆ. ಈಗ ಅದೇ ಸೀಳಿನಿಂದ ಗಾಳಿ ಹೊರಗೆ ಹೋಗುತ್ತದೆ. ಸೆನ್ಸರ್ ಆ ಗಾಳಿಯನ್ನು ಆಗಲೇ ಎಣಿಸಿಯಾಗಿದೆ. ಕಂಪ್ಯೂಟರ್ ಅಷ್ಟಕ್ಕೂ ಪೆಟ್ರೋಲ್ ಸುರಿಯುತ್ತದೆ. ಈಗ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಕಪ್ಪು ಹೊಗೆ, ವಾಸನೆ, ಪಿಕಪ್ ಇಲ್ಲ. ಒಂದೇ ತೂತು, ಎರಡು ಉಲ್ಟಾ ಲಕ್ಷಣ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಈ ಎರಡನೇ ಭಾಗ ಇರುವುದೇ ಇಲ್ಲ. ಅದಕ್ಕೇ ಮಾಮೂಲಿ ಕಾರುಗಳಲ್ಲಿ ಪಳಗಿದ ಕೈ ಇಲ್ಲಿ ಎಡವುತ್ತದೆ.

ಗ್ಯಾರೇಜಿನವರು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮೊದಲು ಕಂಪನಿ ಸೆನ್ಸರ್ ಬಿಚ್ಚಿ ಅದಕ್ಕೆ ಕಾರ್ಬೊರೇಟರ್ ಕ್ಲೀನರ್ ಹೊಡೆದರು. ಅದು ಖಡಕ್ ಸಾಲ್ವೆಂಟ್, ಸೆನ್ಸರಿನ ಪ್ಲಾಸ್ಟಿಕ್ಕಿಗೂ ಫಿಲ್ಮಿಗೂ ಆಗಿಬರುವುದಿಲ್ಲ. ಏರ್‌ಫ್ಲೋ ಸೆನ್ಸರಿಗೆ ಅಂತಲೇ ಬೇರೆ ಸ್ಪ್ರೇ ಸಿಗುತ್ತದೆ. ಅದನ್ನೇ ಹೊಡೆಯಬೇಕು, ಹತ್ತಿ ಬಟ್ಟೆ ಮುಟ್ಟಿಸಬಾರದು, ಕಂಪ್ರೆಸರ್ ಗಾಳಿ ಹಾಕಬಾರದು, ಪೂರ್ತಿ ಒಣಗಿದ ಮೇಲೇ ಕೀ ಆನ್ ಮಾಡಬೇಕು. ಆಮೇಲೆ ಹೊಸ ಸೆನ್ಸರ್ ಬಂತು. ಡಬ್ಬಿ ಮೇಲೆ ಒಳ್ಳೆ ಹೊಳೆಯುವ ಸ್ಟಿಕರ್. 14,000 ರೂಪಾಯಿ. ಬಿಲ್ ಕೇಳಿದರೆ "ನಾಳೆ ಕೊಡ್ತೀವಿ ಸರ್, ಸಿಸ್ಟಮ್ ಕೆಲಸ ಮಾಡ್ತಿಲ್ಲ." ಕೋಡ್ ಅಳಿಸಿ ಕಳಿಸಿದರು. ಲೈಟ್ ಆರಿತ್ತು. ಹೆಬ್ಬಾಳು ಟೋಲ್ ದಾಟುವಷ್ಟರಲ್ಲಿ ಮತ್ತೆ ಹತ್ತಿತು.

ವಾಪಸ್ ಹೋದರೆ ಅವರ ಕಣ್ಣು ಮ್ಯಾಪ್ ಸೆನ್ಸರ್, ಅಂದರೆ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್ ಮೇಲೆ ಬಿತ್ತು. ಇದು ಸ್ವಲ್ಪ ತಮಾಷೆಯ ಭಾಗ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಆ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಅದು 94 ಕಿಲೋಪ್ಯಾಸ್ಕಲ್ ತೋರಿಸುತ್ತಿತ್ತು. "101 ಇರ್ಬೇಕು ಸರ್, ಇದೂ ಹೋಗಿದೆ" ಅಂತ ಹುಡುಗ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. 101 ಸಮುದ್ರ ಮಟ್ಟದ ಲೆಕ್ಕ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿ 94ರ ಆಸುಪಾಸು ಬಂದರೆ ಸೆನ್ಸರ್ ಸರಿಯಿದೆ ಅಂತಲೇ ಅರ್ಥ. ಚಿತ್ರದುರ್ಗ ಇನ್ನೂ ಎತ್ತರ, ಅಲ್ಲಿ ಇನ್ನೊಂದಿಷ್ಟು ಕಡಿಮೆ ತೋರಿಸುತ್ತದೆ. ಮಂಗಳೂರಿನವರ ಲೆಕ್ಕ ಇಟ್ಟುಕೊಂಡು ನಮ್ಮೂರಲ್ಲಿ ಸೆನ್ಸರ್ ಬದಲಿಸಿದರೆ ಊರಲ್ಲಿರುವ ಎಲ್ಲ ಗಾಡಿಯ ಸೆನ್ಸರೂ ಬದಲಿಸಬೇಕಾಗುತ್ತದೆ, ಅಲ್ವಾ?

ಅದಕ್ಕೆ ಒಪ್ಪದಿದ್ದಾಗ ಯಜಮಾನರೇ ಬಂದರು. "ಹಂಗಾದ್ರೆ ಸೂಪರ್‌ಚಾರ್ಜರ್ರೇ ಹೋಗಿದೆ ಸರ್. ಬೆಂಗಳೂರಿಗೆ ಕಳಿಸಿ ರೀಬಿಲ್ಡ್ ಮಾಡಿಸ್ಬೇಕು. ಒಂದೂವರೆ ಲಕ್ಷದ ಮೇಲಾಗುತ್ತೆ." ಬೇರಿಂಗ್ ಶಬ್ದ ಇದೆಯಾ, ಬೆಲ್ಟ್ ಜಾರುತ್ತಿದೆಯಾ, ಬೈಪಾಸ್ ವಾಲ್ವ್ ಸಿಕ್ಕಿಕೊಂಡಿದೆಯಾ, ಒಂದನ್ನೂ ನೋಡಿರಲಿಲ್ಲ. ನನ್ನ ಹಳೆ ಸೆನ್ಸರ್ ವಾಪಸ್ ಕೊಡಿ ಅಂದೆ. "ಅದು ಗುಜರಿಗೆ ಹೋಯ್ತು" ಅಂದರು. ಗುಜರಿ ಡಬ್ಬ ಎಲ್ಲಿದೆ, ನಾನೇ ಹುಡುಕುತ್ತೇನೆ ಅಂತ ಅಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಡ್ರಾಯರ್ ಒಳಗಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಸೆನ್ಸರ್ ಬಂತು.

ಸ್ನೇಹಿತರೊಬ್ಬರು ಚಿತ್ರದುರ್ಗದ ಒಬ್ಬ ಹಳೆ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಅವರು ಪಾನಾ ಮುಟ್ಟುವ ಮೊದಲು ಲ್ಯಾಪ್‌ಟಾಪ್ ತೆರೆದು ಫ್ಯುಯೆಲ್ ಟ್ರಿಮ್ ನೋಡಿದರು. ಮಿಶ್ರಣ ಸರಿದೂಗಿಸಲು ಕಂಪ್ಯೂಟರ್ ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಅನ್ನುವ ಶೇಕಡಾ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ ಕೂಡಿಸುವುದು 20 ದಾಟಿತ್ತು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ತಂದರು. ಅದು ಅರ್ಧಕ್ಕಿಂತ ಕೆಳಗೆ ಇಳಿಯಿತು. "ಲೀಕ್ ಐತ್ರಿ" ಅಂದರು, ಅಷ್ಟೇ. ತೂತು ಅಷ್ಟೇ ಇರುತ್ತದೆ, ಇಂಜಿನ್ ಜಾಸ್ತಿ ಗಾಳಿ ಎಳೆದಾಗ ಆ ತೂತಿನ ಪಾಲು ಕಡಿಮೆಯಾಗುತ್ತದೆ. ಆರ್‌ಪಿಎಂ, ಲೋಡ್ ಏರಿದಂತೆ ಕೂಡಿಸುವುದೂ ಏರುತ್ತಾ ಹೋದರೆ ಆಗ ಕೊಳೆ ಸೆನ್ಸರ್ ಅಥವಾ ಪೆಟ್ರೋಲ್ ಪಂಪ್ ಕಡೆ ನೋಡಬೇಕು.

ಆಮೇಲೆ ಸ್ಮೋಕ್ ಟೆಸ್ಟ್. ಏರ್ ಫಿಲ್ಟರ್ ಕಡೆ ಬಾಯಿ ಮುಚ್ಚಿ, ಕಡಿಮೆ ಒತ್ತಡದಲ್ಲಿ ಪೈಪಿನೊಳಗೆ ಹೊಗೆ ಬಿಟ್ಟರು. ಮೇಲೆ ಎಲ್ಲೂ ಏನೂ ಕಾಣಲಿಲ್ಲ. ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಕೆಳಗೆ ಬಗ್ಗಿ ನೋಡಿದರೆ, ಇಂಜಿನ್ನಿನ ಬ್ರೀದರ್ ಪೈಪ್ (ಇಂಜಿನ್ ಒಳಗಿನ ಎಣ್ಣೆ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ರಬ್ಬರ್ ಪೈಪ್) ಮೊಣಕೈ ತರ ತಿರುಗುವ ಜಾಗದಲ್ಲಿ ಸಣ್ಣ ಎಳೆಯಾಗಿ ಹೊಗೆ ಏಳುತ್ತಿತ್ತು. ಪೈಪ್ ಹೊರಗೆ ತೆಗೆದರು. ಮೇಲ್ನೋಟಕ್ಕೆ ಚೆನ್ನಾಗೇ ಇತ್ತು, ಎಣ್ಣೆ ಜಿಡ್ಡು ಮಾತ್ರ. ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದರು. ಒಳಮೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ವರ್ಷಗಟ್ಟಲೆ ಬಿಸಿ, ಎಣ್ಣೆಯ ಆವಿ ತಿಂದ ರಬ್ಬರ್ ಹೀಗೇ ಗಡುಸಾಗಿ ಬಿರಿಯುತ್ತದೆ. ಹಳೆಯ ಗಾಡಿ ಇರುವವರು ಆ ಪೈಪನ್ನು ಕೈಯಲ್ಲಿ ಬಗ್ಗಿಸಿಯೇ ನೋಡಬೇಕು, ಬರೀ ಕಣ್ಣಿಗೆ ಸಿಗುವುದಿಲ್ಲ.

ಪೈಪ್, ಒಂದು ವಾಲ್ವ್, ಎರಡು ಕ್ಲಾಂಪ್, ಕೂಲಿ ಎಲ್ಲ ಸೇರಿ ಖರ್ಚು 4,000 ದಾಟಲಿಲ್ಲ. ಆದರೂ ಲೆಕ್ಕ ಪೂರ್ತಿ ಸರಿಹೋಗಲಿಲ್ಲ. ಯಾಕೆ ಅಂದರೆ "ಹೊಸ" ಸೆನ್ಸರ್ ಐಡ್ಲಿಂಗ್‌ನಲ್ಲಿ 2 ಗ್ರಾಂ ಕೂಡ ತೋರಿಸುತ್ತಿರಲಿಲ್ಲ. ಕವರಿನಲ್ಲಿದ್ದ ಹಳೆಯದನ್ನು ಸರಿಯಾದ ಸ್ಪ್ರೇಯಿಂದ ತೊಳೆದು ಒಣಗಿಸಿ ಹಾಕಿದರು. 3ರ ಹತ್ತಿರ ಬಂದು ನಿಂತಿತು. ಪುಣ್ಯಕ್ಕೆ ಕಾರ್ಬೊರೇಟರ್ ಕ್ಲೀನರ್ ಅದನ್ನು ಕೊಂದಿರಲಿಲ್ಲ. ಅಂದರೆ ನಾನು ದುಡ್ಡು ಕೊಟ್ಟು ಒಳ್ಳೆ ಸೆನ್ಸರ್ ತೆಗೆಸಿ ಡುಪ್ಲಿಕೇಟ್ ಹಾಕಿಸಿದ ಲೆಕ್ಕ ಆಯಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಡುಪ್ಲಿಕೇಟಿನ ಪಾರ್ಟ್ ನಂಬರ್ ಬರೀ ಸ್ಟಿಕರ್ ಮೇಲಿದೆ, ಕಂಪನಿಯದರಲ್ಲಿ ಪ್ಲಾಸ್ಟಿಕ್ ಮೈಮೇಲೇ ಅಚ್ಚಾಗಿದೆ.

ನಮ್ಮ ಕಡೆ ಸೆನ್ಸರ್ ಕೊಳೆಯಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸುಗ್ಗಿಯಲ್ಲಿ ರೋಡಿನ ಮೇಲೇ ಮೆಕ್ಕೆಜೋಳ ಒಣ ಹಾಕುವ ಊರು ನಮ್ಮದು, ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಎಣ್ಣೆ ಸವರಿದ ಹೊರಗಿನ ಫಿಲ್ಟರ್ ಹಾಕಿಸಿದ್ದರೆ ಆ ಎಣ್ಣೆಯೂ ತಂತಿಗೆ ಅಂಟಬಹುದು. ಮೊದಲು ಫಿಲ್ಟರ್, ಆಮೇಲೆ ತೊಳೆಯುವುದು, ಆಮೇಲೆ ಕಪ್ಲರ್ ಪಿನ್, ಅರ್ಥ್, ಇಲಿ ಕಡಿದ ವೈರ್ ನೋಡುವುದು. ಹೊಸ ಸೆನ್ಸರ್ ಕೊನೆಗೆ.

ಟರ್ಬೊ ಡೀಸೆಲ್ ಇರುವವರಿಗೂ ಒಂದು ಮಾತು. ಡೀಸೆಲ್‌ನಲ್ಲಿ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಸೈಲೆನ್ಸರ್ ಕಡೆ ಹೋಗಬೇಕಾದ ಹೊಗೆ ವಾಪಸ್ ಇಂಜಿನ್ನಿಗೆ ಬರುತ್ತದೆ. ಹೊಸ ಗಾಳಿಗೆ ಜಾಗ ಇರುವುದಿಲ್ಲ. ಏರ್‌ಫ್ಲೋ ಕಡಿಮೆ ತೋರಿಸುತ್ತದೆ, ಅದೇ ಪಿ0101 ಬರಬಹುದು. ಅಲ್ಲೂ ಸೆನ್ಸರ್ ಹೇಳುತ್ತಿರುವುದು ನಿಜವೇ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. "ಎಲೆಕ್ಟ್ರಿಕಲ್ ಐಟಮ್ ರಿಟರ್ನ್ ಇಲ್ಲ ಸರ್" ಅನ್ನುವುದು ಅವರ ಉತ್ತರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದನ್ನೂ, ದೋಷವಿರುವ ಮಾಲನ್ನು ವಾಪಸ್ ತಗೊಳ್ಳದಿರುವುದನ್ನೂ ಅನುಚಿತ ವ್ಯಾಪಾರ ಅಂತಲೇ ಬರೆದಿದೆ. ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ ವಾಪಸಾತಿಗೆ 30 ದಿನ ಇದೆ. ನಾನು ಯುಪಿಐನಲ್ಲಿ ಕಳಿಸಿದ್ದರಿಂದ ದುಡ್ಡು ಕೊಟ್ಟ ದಾಖಲೆಯಾದರೂ ಇದೆ. ಎರಡು ಸೆನ್ಸರಿನ ಫೋಟೊ, ಚಿತ್ರದುರ್ಗದ ಮೆಕ್ಯಾನಿಕ್ ಕೊಟ್ಟ ರೀಡಿಂಗ್ ಪ್ರಿಂಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಮುಂದೆ ಜಿಲ್ಲಾ ಗ್ರಾಹಕ ಆಯೋಗ.