ಥಾಯ್ ತೊಗಲುಗೊಂಬೆ: ನಂಗ್ ಯೈ ನೋಡುವುದೋ, ನಂಗ್ ತಲುಂಗ್ ನೋಡುವುದೋ?

ಥಾಯ್ಲೆಂಡಿನಲ್ಲಿ ಒಂದೇ ಒಂದು ತೊಗಲುಗೊಂಬೆಯಾಟಕ್ಕೆ ಬಿಡುವಿರುವವರು ತಮಗೆ ಬೇಕಾದುದು ಕೆತ್ತನೆಯ ಸೊಬಗೋ, ಮಾತಿನ ಸೊಗಸೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು: ಕೆತ್ತನೆಗಾದರೆ ನಂಗ್ ಯೈ ಎಂಬ ಬಗೆಯ ಆಟ, ಮಾತಿಗಾದರೆ ನಂಗ್ ತಲುಂಗ್ ಎಂಬ ಬಗೆ.

ನಂಗ್ ಯೈ ಆಟದ ಗೊಂಬೆ ಆಳೆತ್ತರಕ್ಕೂ ಇರಬಲ್ಲ, ಕೀಲುಗಳಿಲ್ಲದ ತೊಗಲಿನ ಚಿತ್ರಫಲಕ. ಹದಗೊಳಿಸಿದ ದನದ ತೊಗಲಿನಲ್ಲಿ ಸಣ್ಣ ಉಳಿಗಳಿಂದ ರಂಧ್ರ ಕೊರೆದು ಬಿಡಿಸಿದ ಈ ಫಲಕ ತಾನಾಗಿ ಅಲುಗದಿರುವುದರಿಂದ, ಅದನ್ನು ಎರಡು ಕೋಲುಗಳಲ್ಲಿ ಎತ್ತಿ ಹಿಡಿದ ಆಟಗಾರರೇ ಪರದೆಯ ಹಿಂದೆಯೂ ಮುಂದೆಯೂ ಕುಣಿದು ಚಲನೆ ತುಂಬುತ್ತಾರೆ. ಕಥೆ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ. ಹಿಮ್ಮೇಳ ಪಿಪಾಟ್ ವಾದ್ಯವೃಂದದ್ದು. ರಾಚಬುರಿ ಪ್ರಾಂತದ ವಾಟ್ ಖನೋನ್ ದೇವಾಲಯದಲ್ಲಿ ಇದರ ಸಂಗ್ರಹಾಲಯವೂ ಇದೆ.

ದಕ್ಷಿಣದ ನಖೋನ್ ಸಿ ತಮ್ಮರಾಟ್, ಫತ್ತಲುಂಗ್ ಪ್ರಾಂತಗಳ ನಂಗ್ ತಲುಂಗ್ ನಮ್ಮ ತೊಗಲುಗೊಂಬೆಯಾಟಕ್ಕೆ ಹೆಚ್ಚು ಹತ್ತಿರದ್ದು. ಗೊಂಬೆಗಳು ಚಿಕ್ಕವು, ಕೈಗೆ ಕೀಲುಂಟು, ವಿದೂಷಕರ ಬಾಯಿಯೂ ಆಡುತ್ತದೆ; ಒಬ್ಬನೇ ಸೂತ್ರಧಾರ ಪರದೆಯ ಹಿಂದೆ ಕುಳಿತು ಎಲ್ಲ ಪಾತ್ರಗಳಿಗೂ ದನಿಯಾಗುತ್ತಾನೆ. ಹಾಸ್ಯವೆಲ್ಲ ದಕ್ಷಿಣದ ಆಡುನುಡಿಯಲ್ಲಿರುವುದೇ ಪರದೇಶಿಯರಿಗೆ ತೊಡಕು.

ಆದ್ದರಿಂದ ಭಾಷೆ ತಿಳಿಯದ, ರಾಮಾಯಣ ಬಲ್ಲ ಕನ್ನಡಿಗರಿಗೆ ನಂಗ್ ಯೈಯೇ ಲೇಸು. ನಂಗ್ ತಲುಂಗಿನ ಚಿಕ್ಕ ಗೊಂಬೆ ಕೊಂಡು ತರುವ ಆಸೆಯಿದ್ದರೆ ಮಾತ್ರ ದಕ್ಷಿಣಕ್ಕೆ ಹೋಗಬಹುದು.