ಕಿಟಕಿಗೆ ದುಡ್ಡು ಕೊಡಬಹುದು, ದೋಸೆಗೆ ಬೇಡ

ಮುಂಬೈಯ ಲೋವರ್ ಪರೇಲ್‌ನ ಒಂದು ಫೈವ್ ಸ್ಟಾರ್ ಹೋಟೆಲ್‌ನಲ್ಲಿ, ಮೂವತ್ತು ದಾಟಿದ ಮಹಡಿಯಲ್ಲಿ, ಭಾನುವಾರ ರಾತ್ರಿ ನಾನು ಮತ್ತು ನಮ್ಮವಳು ಉಳಿದುಕೊಂಡಿದ್ದೆವು. ಹೋಟೆಲ್ ಹೆಸರು ಹಾಕುವುದಿಲ್ಲ. ಸ್ವಲ್ಪ ಬೈಯುವುದೂ ಇದೆ, ನಾನೂ ಅದೇ ಧಂದೆಯವನು. ಮುಲುಂಡ್‌ನಲ್ಲಿ ನಮ್ಮದೊಂದು ಸಣ್ಣ ವೆಜ್ ಹೋಟೆಲ್ ಇದೆ. ಹಾಗಾಗಿ ಬೇರೆಯವರು ಸೂರಿನ ಝೂಮರ್ ದೀಪ ನೋಡುವ ಕಡೆ ನನ್ನ ಕಣ್ಣು ನೆಲ ಒರೆಸುವ ಬಟ್ಟೆಯ ಮೇಲೆ ಹೋಗುತ್ತದೆ. ಈ ರಿವ್ಯೂ ಓದುವಾಗ ಅದು ನೆನಪಿರಲಿ.

ಮೊದಲು ದುಡ್ಡಿನ ಮಾತು. ಈ ಏರಿಯಾದಲ್ಲಿ ಕೋಣೆ ಹಿಡಿಯುವವರು ಜಾಸ್ತಿ ಆಫೀಸ್ ಕೆಲಸಕ್ಕೆ ಬರುವವರು. ಅವರು ಶುಕ್ರವಾರ ಊರಿಗೆ ಹೋಗಿಬಿಡುತ್ತಾರೆ. ಅದಕ್ಕೇ ಇರಬೇಕು, ಮಂಗಳವಾರ, ಬುಧವಾರ ನೋಡಿದರೆ ಎದೆ ಧಸಕ್ ಅನ್ನುವ ರೇಟು ಭಾನುವಾರಕ್ಕೆ 15 ಸಾವಿರಕ್ಕೆ ಇಳಿದಿತ್ತು. ಆ್ಯಪ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ತೆರಿಗೆ ಬಿಟ್ಟ ರೇಟು. ದಿನಕ್ಕೆ 7,500 ದಾಟಿದ ಕೋಣೆಗೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ ನಮಗೆ ಬಿದ್ದದ್ದು 17,700. ಇಂಥ ಹೋಟೆಲ್‌ಗಳ ಒಳಗೆ ತಿಂದದ್ದಕ್ಕೂ 18 ಪರ್ಸೆಂಟ್. ನಮ್ಮಂಥವರ ಹೋಟೆಲ್‌ನಲ್ಲಿ ಅದು ಐದೇ.

ಕೆಳಗೆ ಲಾಬಿ ಎಲ್ಲ ಕಡೆ ಇರುವ ಹಾಗೇ ಇದೆ. ಅಮೃತಶಿಲೆ, ಸುವಾಸನೆ, ಮೆಲ್ಲಗೆ ಮಾತಾಡುವ ಹುಡುಗಿಯರು. ಲಿಫ್ಟ್ ಹತ್ತಿದರೆ ಇಪ್ಪತ್ತನೇ ಮಹಡಿ ದಾಟುವ ಹೊತ್ತಿಗೆ ಕಿವಿ ಮುಚ್ಚಿಕೊಳ್ಳುತ್ತದೆ. ಉಗುಳು ನುಂಗಿದರೆ ಸರಿ.

ಇನ್ನು ಕೋಣೆ. ಕೋಣೆ ಅಂದರೆ ಕಿಟಕಿ. ಮಂಚ, ಸೋಫಾ, ಟಿವಿ ಎಲ್ಲ ಅದರ ಸುತ್ತ ಇಟ್ಟದ್ದು ಅಷ್ಟೆ. ನೆಲದಿಂದ ಸೂರಿನವರೆಗೆ ಗಾಜು, ಪಶ್ಚಿಮಕ್ಕೆ ಮುಖ. ಬುಕ್ ಮಾಡುವಾಗ ಸಿಟಿ ವ್ಯೂ, ಸೀ ವ್ಯೂ ಅಂತ ಎರಡು ರೇಟು ತೋರಿಸುತ್ತಾರೆ. ಎರಡನೆಯದಕ್ಕೆ ಕೊಡುವ ಹೆಚ್ಚಿನ ಹಣ ದಂಡ ಅಲ್ಲ. ಎಡಕ್ಕೆ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನ ಹಸಿರು. ಅದರಾಚೆ ಸಮುದ್ರದೊಳಗಿನ ಹಾಜಿ ಅಲಿ ದರ್ಗಾ, ಅದನ್ನು ಬಳಸಿಕೊಂಡು ಹೋಗುವ ಕೋಸ್ಟಲ್ ರೋಡ್. ಬಲಕ್ಕೆ ವರ್ಲಿಯ ಕಟ್ಟಡಗಳ ಸಂದಿಯಲ್ಲಿ ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್‌ನ ತಂತಿಗಳು. 2009ರಲ್ಲಿ ಅದು ಶುರುವಾದಾಗ ಸುಮ್ನೆ ಟೋಲ್ ಕೊಟ್ಟು ಆಚೆ ಈಚೆ ಹೋಗಿ ಬಂದವರು ನಾವು. ಮೇಲಿಂದ ನೋಡಿದ್ದು ಇದೇ ಮೊದಲು.

ನಮ್ಮವಳು ಕುರ್ಚಿ ಎಳೆದುಕೊಂಡು ಗಾಜಿಗೆ ಮೂಗು ಹಚ್ಚಿ ಕೂತವಳು ಏಳಲೇ ಇಲ್ಲ. ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಇದೆಯಲ್ಲ, ಸಮುದ್ರದ ನೀರು ಏರುವ ಭರತದ ಹೊತ್ತಿಗೆ ಅದು ನೀರಿನಡಿ ಹೋಗುತ್ತದೆ. ಮುಂಬೈಯಲ್ಲಿ ಇರುವವರಿಗೆ ಗೊತ್ತಿರುವ ವಿಷಯವೇ. ಆದರೆ ಅದು ಮುಳುಗುವುದನ್ನು ಪುರುಸೊತ್ತಿನಲ್ಲಿ ಕೂತು ನೋಡಿದವರು ಯಾರು? ಮೊದಲು ಬೂದು ಗೆರೆ. ಆಮೇಲೆ ಗೆರೆಯ ನಡುವೆ ಅಲ್ಲಲ್ಲಿ ಹೊಳಪು. ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಗೆರೆಯೇ ಇಲ್ಲ, ದರ್ಗಾ ಮಾತ್ರ ನೀರಿನ ಮೇಲೆ. ಅಷ್ಟು ಹೊತ್ತು ಇಬ್ಬರೂ ಫೋನ್ ಮುಟ್ಟಿರಲಿಲ್ಲ.

ಹದ್ದುಗಳ ವಿಷಯ ಹೇಳಲೇಬೇಕು ಮಾರಾಯ್ರೆ. ಕೆಳಗಿನಿಂದ ನಾವು ಹದ್ದಿನ ಹೊಟ್ಟೆ ನೋಡುತ್ತೇವೆ, ಅಲ್ವಾ? ಇಲ್ಲಿ ಬೆನ್ನು ಕಾಣುತ್ತದೆ. ಬಿಸಿಲಿಗೆ ಕಾದ ಗಾಳಿ ಕೆಳಗಿನಿಂದ ಏಳುತ್ತದೆ, ಅದರ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತಿರುತ್ತವೆ. ಒಂದಂತೂ ಕಿಟಕಿಯ ಎದುರಿಗೇ ಬಂತು. ಬಾಲವನ್ನು ಆ ಕಡೆ ಈ ಕಡೆ ತಿರುಚಿ ದಿಕ್ಕು ಬದಲಿಸುವುದು, ಕತ್ತು ಬಗ್ಗಿಸಿ ಕೆಳಗೆ ಏನೋ ಹುಡುಕುವುದು, ಎಲ್ಲ ಕಂಡಿತು.

ಹಾಗಂತ ಕಿಟಕಿಗೆ ಪೂರಾ ಮಾರ್ಕ್ ಕೊಡಲಾರೆ. ಹೊರಗಿನಿಂದ ಗಾಜಿನ ಮೇಲೆ ಬಿಳಿ ಗೆರೆಗಳಿದ್ದವು. ಉಪ್ಪು ಗಾಳಿ, ಪಕ್ಕದಲ್ಲೇ ಕಟ್ಟುತ್ತಿರುವ ಟವರ್‌ನ ಧೂಳು. ತೂಗುತೊಟ್ಟಿಯಲ್ಲಿ ಇಳಿದು ಒರೆಸಬೇಕು, ಗಾಳಿ ಜೋರಿದ್ದರೆ ಇಳಿಸುವ ಹಾಗಿಲ್ಲ, ಕಷ್ಟ ಅರ್ಥವಾಗುತ್ತದೆ. ಆದರೆ ಸೀ ವ್ಯೂ ಅಂತ ಹೆಚ್ಚು ಹಣ ಎಣಿಸಿಕೊಂಡ ಮೇಲೆ ಅದು ಅವರ ತಲೆನೋವು, ನನ್ನದಲ್ಲ. ಮಧ್ಯಾಹ್ನ ಮೂರರ ಮೇಲೆ ಗಾಜು ಮುಟ್ಟಿದರೆ ಬಿಸಿ. ಎಸಿ ಹದಿನೆಂಟಕ್ಕೆ ಇಟ್ಟರೂ ಕಿಟಕಿ ಪಕ್ಕದ ಕುರ್ಚಿಯಲ್ಲಿ ಸೆಕೆ. ಕಿಟಕಿ ತೆರೆಯುವ ಹಾಗಿಲ್ಲ. ಮಳೆಗಾಲದಲ್ಲಿ ರೇಟು ಇಳಿಯುತ್ತದೆ, ಆದರೆ ಮೋಡ ಕೂತರೆ ಎದುರಿಗೆ ಬಿಳಿ ಪರದೆ, ಅಷ್ಟೇ. ನೀವು ಕೊಟ್ಟ ಹಣ ಆ ಪರದೆ ನೋಡಲಿಕ್ಕೆ. ಚಳಿಗಾಲ ಒಳ್ಳೆಯದು ಅಂದುಕೊಳ್ಳಬೇಡಿ, ಆಗ ಈ ಊರಿನ ಹೊಗೆಮಂಜು ಸಮುದ್ರವನ್ನೇ ನುಂಗಿರುತ್ತದೆ. ನನ್ನ ಲೆಕ್ಕದಲ್ಲಿ ಮಳೆ ಹಿಂದೆ ಸರಿಯುವ ಹೊತ್ತು, ಸೆಪ್ಟೆಂಬರ್ ಕೊನೆ, ಬೆಸ್ಟ್. ಒಂದು ಜಡಿ ಬಂದು ಹೋದ ಮೇಲೆ ಗಾಳಿ ತೊಳೆದು ಇಟ್ಟ ಹಾಗಿರುತ್ತದೆ. ನಾವು ಹೋದದ್ದು ಆಗಲೇ.

ಪೂರ್ವ ದಿಕ್ಕು ನೋಡಬೇಕಾದರೆ ಲಿಫ್ಟ್ ಪಕ್ಕ ಒಂದು ಚಿಕ್ಕ ಕಿಟಕಿ ಇದೆ. ಯಾರೂ ಅಲ್ಲಿ ನಿಲ್ಲುವುದಿಲ್ಲ. ನಾನು ನಿಂತೆ. ಕೆಳಗೆ ಕರಿ ರೋಡ್ ಸ್ಟೇಷನ್, ಲೋಕಲ್ ಗಾಡಿಗಳು, ಚಾಳ್ ಅನ್ನುವ ಹಳೆಯ ಸಾಲುಮನೆಗಳ ನೀಲಿ ತಾಡಪತ್ರಿ, ಎಲ್ಲೋ ಒಂದು ಬಟ್ಟೆ ಮಿಲ್‌ನ ಚಿಮಣಿ. ನನ್ನ ದೊಡ್ಡಪ್ಪ ಕುಂದಾಪುರದಿಂದ ಹುಡುಗನಾಗಿ ಬಂದು, ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು, ಕೊನೆಗೆ ಆ ಸ್ಟೇಷನ್ ಹತ್ತಿರವೇ ಸ್ವಂತ ಹೋಟೆಲ್‌ನ ಗಲ್ಲಾದ ಮೇಲೆ ಕೂತವರು. ಗಿರಾಕಿಗಳು ಎಲ್ಲ ಮಿಲ್‌ನವರು. ಮಿಲ್‌ನ ಭೋಂಗಾ (ಸೈರನ್) ಕೂಗಿದರೆ ಪಾಳಿ ಬದಲು, ಹತ್ತು ನಿಮಿಷದಲ್ಲಿ ಹೋಟೆಲ್ ಭರ್ತಿ. ತಿಂಗಳ ಲೆಕ್ಕ, ಪಗಾರ ಆದ ದಿನ ಚುಕ್ತಾ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ. ದೊಡ್ಡಪ್ಪ ಉಧಾರಿ ನಿಲ್ಲಿಸಲಿಲ್ಲ, ನಿಲ್ಲಿಸಲು ಬಾಯಿ ಬರಲಿಲ್ಲ. ಮುಷ್ಕರ ಮುಗಿಯಿತು ಅಂತ ಯಾರೂ ಘೋಷಿಸಲೇ ಇಲ್ಲ, ಮಿಲ್‌ಗಳು ಒಂದೊಂದಾಗಿ ಮುಚ್ಚಿಕೊಂಡವು. ಹೋಟೆಲ್ ಮಾರಿ ಅವರು ಮುಲುಂಡ್‌ಗೆ ಬಂದರು. ಫೀನಿಕ್ಸ್ ಮಿಲ್ ಇದ್ದಲ್ಲಿ ಈಗ ಮಾಲ್, ಕಮಲಾ ಮಿಲ್ ಇದ್ದಲ್ಲಿ ಆಫೀಸು, ಬಾರು. ಹೋಟೆಲ್‌ನ ಚಂದದ ಪುಸ್ತಿಕೆಯಲ್ಲಿ ಈ ಏರಿಯಾದ ಬಗ್ಗೆ ಎರಡು ಪುಟ ಇದೆ. ಎಲ್ಲಿ ಶಾಪಿಂಗ್, ಎಲ್ಲಿ ಕಾಕ್‌ಟೇಲ್. ಮಿಲ್ ಅನ್ನುವ ಪದ ಬರುವುದು ರೆಸ್ಟೋರೆಂಟ್‌ಗಳ ವಿಳಾಸದಲ್ಲಿ ಮಾತ್ರ.

ಹಾಸಿಗೆ ಚೆನ್ನಾಗಿದೆ. ಬಾತ್‌ರೂಮ್ ನಮ್ಮ ಹೋಟೆಲ್‌ನ ಅಡುಗೆಮನೆಗಿಂತ ದೊಡ್ಡದು. ಅಷ್ಟು ಎತ್ತರದಲ್ಲೂ ಶವರ್‌ನ ನೀರು ಬೆನ್ನಿಗೆ ಹೊಡೆಯುತ್ತದೆ, ಆ ಪಂಪ್ ಹಾಕಿದ ಇಂಜಿನಿಯರ್‌ಗೆ ನನ್ನ ಸಲಾಮು. ರಾತ್ರಿ ಗಾಳಿ ಎದ್ದಾಗ ಕಿಟಕಿಯ ಮೂಲೆಯಲ್ಲಿ ಸಣ್ಣಗೆ ಸಿಳ್ಳೆ ಬರುತ್ತಿತ್ತು. ನಿದ್ದೆ ಹಗುರ ಇರುವವರು ಮೂಲೆಯ ಕೋಣೆ ಬೇಡ ಅನ್ನಿ. ಇನ್ನೊಂದು, ಬಾಗಿಲ ಹಿಂದೆ ಅಂಟಿಸಿದ ನಕ್ಷೆ ನೋಡಿ ಮಲಗಿ. ಮುಂಬೈಯ ಎತ್ತರದ ಕಟ್ಟಡಗಳಲ್ಲಿ ಬೆಂಕಿ ಬಿದ್ದರೆ ಜನ ಸೇರಲು ರೆಫ್ಯೂಜ್ ಏರಿಯಾ ಅಂತ ನಡುನಡುವೆ ಬಿಟ್ಟಿರುತ್ತಾರೆ. ನಮ್ಮ ಕೋಣೆಗೆ ಹತ್ತಿರದ್ದು ಎಲ್ಲಿ ಅಂತ ಚೆಕ್‌ಇನ್ ಹೊತ್ತಿಗೆ ಯಾರೂ ಹೇಳಲಿಲ್ಲ. ದಿಂಬುಗಳಲ್ಲಿ ಎಷ್ಟು ನಮೂನೆ ಇದೆ ಅಂತ ಮಾತ್ರ ಹೇಳಿದರು.

ಈಗ ತಿಂಡಿ. ಒಬ್ಬರಿಗೆ 1,400, ತೆರಿಗೆ ಬೇರೆ. ಉದ್ದಕ್ಕೆ ಬ್ರೆಡ್ಡು, ಚೀಸು, ಹಣ್ಣು, ಜೇನುಹಟ್ಟಿಯನ್ನೇ ತಂದು ನೇತುಹಾಕಿದ್ದಾರೆ. ಕೊನೆಯಲ್ಲಿ ದೋಸೆ ಕೌಂಟರ್. ನನ್ನ ಕಾಲು ಅಲ್ಲಿಗೇ ಹೋಯಿತು. ಕಾವಲಿ ದೊಡ್ಡದು, ಒಳ್ಳೆಯ ಕಬ್ಬಿಣ. ಹುಡುಗ ನೀರು ಚಿಮುಕಿಸಿ ಒರೆಸಿದ ಕೈ ನೋಡಿದೆ, ಪಳಗಿದ ಕೈ. ಹಿಟ್ಟು ಹುಯ್ದು ಸೌಟು ತಿರುಗಿಸಿದ, ಸುತ್ತು ಸರಿಯಾಗಿ ಹರಡಲಿಲ್ಲ, ನಡುವೆ ದಪ್ಪ ನಿಂತಿತು. ಕಲೆ ಕಲೆಯಾಗಿ ಬೆಂದು, ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಯಿತು. ‘ಹಿಟ್ಟು ಫ್ರಿಜ್‌ನಿಂದ ಸೀದಾ ತಂದದ್ದಾ?’ ಅಂತ ಹಿಂದಿಯಲ್ಲಿ ಕೇಳಿದೆ. ನಕ್ಕ. ‘ಅಣ್ಣ, ಕಡಕ್ ಬೇಕಾ?’ ಅಂದ, ಕನ್ನಡದಲ್ಲಿ! ಒಡಿಶಾದವನಂತೆ. ಚೆಂಬೂರಿನ ಒಂದು ಉಡುಪಿ ಹೋಟೆಲ್‌ನಲ್ಲಿ ನಮ್ಮವರ ಕೈಕೆಳಗೆ ಕಲಿತದ್ದು, ದೋಸೆಯೂ ಕನ್ನಡವೂ. ನಮ್ಮ ಊರಿನ ಹುಡುಗರು ಈಗ ಕಾವಲಿ ಮುಂದೆ ನಿಲ್ಲುವುದು ಕಡಿಮೆ, ನನ್ನ ಅಡುಗೆಮನೆಯಲ್ಲೂ ಅದೇ ಕಥೆ.

ಅವನ ತಪ್ಪೇನೂ ಇಲ್ಲ. ಇಂಥ ಹೋಟೆಲ್‌ಗಳಲ್ಲಿ ಹಿಟ್ಟನ್ನು ಐದು ಡಿಗ್ರಿ ಒಳಗೇ ಇಡಬೇಕು, ತಾಪಮಾನ ಬರೆದಿಡಬೇಕು, ಹೊರಗೆ ಇಟ್ಟರೆ ಮೇಲಿನವರು ಬಂದು ಕೇಳುತ್ತಾರೆ. ಸುರಕ್ಷತೆ ಒಳ್ಳೆಯದೇ. ಆದರೆ ತಣ್ಣಗಿನ ಹಿಟ್ಟು ಕಾವಲಿಯ ಕಾವು ಇಳಿಸುತ್ತದೆ, ಆ ಮೇಲೆ ಯಾವ ಕೈ ಬಂದರೂ ಅಷ್ಟೇ. ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದು, ಚಳಿ ಬಿಟ್ಟ ಮೇಲೆ ಹುಯ್ದರೆ ಆಯಿತು. ನನಗಾಗಿ ಹಾಗೆ ಮಾಡಿಕೊಟ್ಟ ಎರಡನೇ ದೋಸೆ ಮುರಿದರೆ ಸದ್ದಾಯಿತು. ಚಟ್ನಿ ಮಾತ್ರ ಬಿಟ್ಟುಬಿಡಿ, ಅದರಲ್ಲಿ ತೆಂಗಿನಕಾಯಿಯ ನೆನಪು ಅಷ್ಟೇ ಇತ್ತು. ಫಿಲ್ಟರ್ ಕಾಫಿ ಅಂತ ಕೊಟ್ಟದ್ದು ಕೆಟಲ್‌ನಲ್ಲಿ ತುಂಬಿಟ್ಟ, ಮತ್ತೆ ಬಿಸಿ ಮಾಡಿದ ಡಿಕಾಕ್ಷನ್. ನಮ್ಮವಳು ಒಂದು ಗುಟುಕು ಕುಡಿದು ಲೋಟ ನನ್ನ ಕಡೆ ದೂಡಿದಳು.

ಬಿಲ್ಲು ಬಂದಾಗ ಒಂದು ಜಗಳ ಆಯಿತು, ಸಣ್ಣದು. ತಿಂಡಿಯ ಮೇಲೆ ಸರ್ವೀಸ್ ಚಾರ್ಜ್ ಸೇರಿಸಿದ್ದರು. ತಾನಾಗಿ ಸೇರಿಸುವ ಹಾಗಿಲ್ಲ ಅಂತ ಕೇಂದ್ರದ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಧಂದೆಯವನಾದ್ದರಿಂದ ನನಗೆ ಗೊತ್ತು. ಹೇಳಿದ ಕೂಡಲೇ ಕೌಂಟರ್‌ನ ಹುಡುಗಿ ತೆಗೆದಳು, ಮುಖ ಗಂಟಿಕ್ಕಲಿಲ್ಲ. ಹೇಳದವರು ಕೊಡುತ್ತಾರೆ, ಅಷ್ಟೇ. ಆ ದುಡ್ಡನ್ನು ದೋಸೆ ಹುಡುಗನ ಕೈಗೇ ಕೊಟ್ಟೆ. ಇನ್ನೊಂದು ಕಿರಿಕಿರಿ. ಚೆಕ್‌ಇನ್‌ನಲ್ಲಿ ಡೆಪಾಸಿಟ್ ಅಂತ ಕಾರ್ಡ್‌ನಿಂದ ಐದು ಸಾವಿರ ಹಿಡಿದದ್ದು ವಾಪಸ್ ಬರಲು ವಾರ ದಾಟಿತು. ಡೆಬಿಟ್ ಕಾರ್ಡ್ ಕೊಡಬೇಡಿ, ಕ್ರೆಡಿಟ್ ಕಾರ್ಡ್ ಕೊಡಿ. ಕೈಯ ದುಡ್ಡು ಸಿಕ್ಕಿಕೊಳ್ಳುವುದಿಲ್ಲ.

ಮತ್ತೆ ಹೋಗುತ್ತೀರಾ ಅಂದರೆ ಹೋಗುತ್ತೇನೆ. ತಿಂಡಿ ಬಿಟ್ಟು ಬರೀ ಕೋಣೆ, ಪಶ್ಚಿಮ ದಿಕ್ಕು, ಇಪ್ಪತ್ತೈದರ ಮೇಲಿನ ಮಹಡಿ. ಎದುರು ಹೊಸ ಟವರ್ ಎದ್ದಿಲ್ಲವಲ್ಲ ಅಂತ ಫೋನ್ ಮಾಡಿ ಕೇಳಿಯೇ ಬುಕ್ ಮಾಡುವುದು. ಮಧ್ಯಾಹ್ನ ಸರಿಯಾಗಿ ಚೆಕ್‌ಇನ್ ಮಾಡಿದರೆ ಭರತ, ಸೂರ್ಯಾಸ್ತ, ದೀಪ ಮೂರೂ ಸಿಗುತ್ತವೆ. ಭರತ ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಬೆಳಿಗ್ಗೆ ಕಾಳಿ-ಪೀಳಿ ಟ್ಯಾಕ್ಸಿ ಹಿಡಿದು ತಿಂಡಿಗೆ ಮಾಟುಂಗಕ್ಕೆ ಹೋಗಿ, ಆಟೋ ಹುಡುಕಬೇಡಿ, ಆ ಭಾಗದಲ್ಲಿ ಆಟೋ ಓಡುವುದಿಲ್ಲ. ಅಲ್ಲಿ ಇಬ್ಬರ ತಿಂಡಿ, ಕಾಫಿ ಎಲ್ಲ ಸೇರಿಯೂ ಈ ಹೋಟೆಲ್‌ನ ಒಬ್ಬರ ತಿಂಡಿಯ ಅರ್ಧ ಆಗುವುದಿಲ್ಲ. ಭಾನುವಾರ ಉಳಿಯುವವರಿಗೆ ಒಂದೇ ತೊಂದರೆ. ಮಾಟುಂಗದ ಕೆಲವು ಹೋಟೆಲ್‌ಗಳಿಗೆ ಸೋಮವಾರ ರಜೆ, ಯಾವುದು ತೆರೆದಿದೆ ಅಂತ ಕೇಳಿಕೊಂಡು ಹೊರಡಿ.