ನೌಕರರ ಪರಿಹಾರ ವಿಮೆ: ಕಂತು ಇಳಿಸಿಕೊಟ್ಟ ಸಲಹೆಗಾರರ ಸೇವೆ ಹೇಗಿತ್ತು

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಹದಿನಾರು ಜನ ದುಡಿಯುವ ಮಶಿನ್ ಶಾಪ್. ಫೌಂಡ್ರಿಗಳಿಂದ ಬರುವ ಎರಕದ ಬಿಡಿಭಾಗಗಳನ್ನು ಗ್ರೈಂಡಿಂಗ್ ಮಾಡಿ, ಲೇಥಿಗೆ ಹಾಕಿ, ಅಳತೆಗೆ ತಂದು ಕಳುಹಿಸುತ್ತೇವೆ. ಕೆಲಸದಲ್ಲಿ ಅಪಘಾತವಾದರೆ ಮಾಲೀಕರು ಕೊಡಬೇಕಾದ ಪರಿಹಾರವನ್ನು ಭರಿಸುವ ನೌಕರರ ಪರಿಹಾರ ವಿಮೆಯ ಕಂತು ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದರಿಂದ, 2024ರ ನವೀಕರಣಕ್ಕೆ ಮುನ್ನ ಊರಿನ ಒಬ್ಬ ವಿಮಾ ಸಲಹೆಗಾರರ ಬಳಿ ಹೋದೆ. ಇದು ಅವರ ಸೇವೆಯ ಕುರಿತ ಅಭಿಪ್ರಾಯ.

ಅವರು ಮೊದಲು ಕೇಳಿದ್ದು ಹಳೆಯ ಪಾಲಿಸಿಯನ್ನಲ್ಲ, ಪಗಾರ ಪುಸ್ತಕ ಮತ್ತು ಇಎಸ್‌ಐ (ಸರ್ಕಾರದ ನೌಕರರ ರಾಜ್ಯ ವಿಮೆ) ಚಲನ್‌ಗಳನ್ನು. ಎರಡನ್ನೂ ಅಕ್ಕಪಕ್ಕ ಇಟ್ಟು, ಪೆನ್ಸಿಲ್ಲಿನಿಂದ ಒಂದೊಂದೇ ಹೆಸರಿಗೆ ಗುರುತು ಹಾಕುತ್ತ ಹೋದರು. ತಿಂಗಳಿಗೆ 21,000 ರೂಪಾಯಿಯವರೆಗೆ ಪಗಾರ ಇರುವ ನಮ್ಮ ಹನ್ನೆರಡು ಜನರಿಗೆ ನಾವು ಶೇ. 3.25, ಅವರು ಶೇ. 0.75 ಇಎಸ್‌ಐ ವಂತಿಗೆ ಕಟ್ಟುತ್ತಿದ್ದೆವು. ಹಾಗೆ ಇಎಸ್‌ಐ ರಕ್ಷಣೆ ಇರುವ ನೌಕರರು ಕೆಲಸದ ಅಪಘಾತಕ್ಕೆ 1923ರ ನೌಕರರ ಪರಿಹಾರ ಕಾಯ್ದೆಯಡಿ ಮತ್ತೊಮ್ಮೆ ಪರಿಹಾರ ಕೇಳಲು ಆಗ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆಯ 53ನೆಯ ಕಲಮು ಬಿಡುತ್ತಿರಲಿಲ್ಲ. ಆದರೂ ಹಿಂದಿನ ಏಜೆಂಟರು ಐದು ವರ್ಷ ಹದಿನಾರೂ ಜನರ ಹೆಸರಿನಲ್ಲಿ ಕಂತು ಕಟ್ಟಿಸಿಕೊಂಡಿದ್ದರು. ಉಳಿದ ನಾಲ್ವರಲ್ಲಿ, ಯಂತ್ರದ ಹತ್ತಿರವೂ ಸುಳಿಯದ ಲೆಕ್ಕಿಗರಿಗೆ ಗ್ರೈಂಡಿಂಗ್ ಮಾಡುವವರ ದರವನ್ನೇ ಹಚ್ಚಿದ್ದರು. ಈ ಎರಡು ತಪ್ಪುಗಳನ್ನು ಸರಿಪಡಿಸಿದ್ದರಿಂದಲೇ ಕಂತು ಅರ್ಧಕ್ಕಿಂತ ಕೆಳಗೆ ಬಂತು. ಕಂತು ಇಳಿದಷ್ಟೂ ಈ ಸಲಹೆಗಾರರ ಕಮಿಷನ್ನೂ ಇಳಿಯುತ್ತದೆ ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಪಗಾರವನ್ನು ಕಡಿಮೆ ತೋರಿಸಿದರೆ ಇನ್ನಷ್ಟು ಉಳಿಯುವುದಲ್ಲವೇ ಎಂದು ನಾನು ಕೇಳಿದಾಗ ಅವರು ಸ್ಪಷ್ಟವಾಗಿ ನಿರಾಕರಿಸಿ, ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಮೂವತ್ತು ವರ್ಷದ ನೌಕರನೊಬ್ಬ ಹೆಬ್ಬೆರಳನ್ನು ಪೂರ್ತಿ ಕಳೆದುಕೊಂಡರೆ, ಆಗಿನ ಪರಿಹಾರ ಕಾಯ್ದೆ ಗಣನೆಗೆ ತೆಗೆದುಕೊಳ್ಳುತ್ತಿದ್ದ ಗರಿಷ್ಠ ಪಗಾರ 15,000 ರೂಪಾಯಿಯ ಶೇ. 60ನ್ನು, ಆ ವಯಸ್ಸಿಗೆ ಕಾಯ್ದೆ ಗೊತ್ತುಮಾಡಿದ್ದ ಗುಣಕ 207.98ರಿಂದ ಗುಣಿಸಿ, ಅದರಲ್ಲಿ ಹೆಬ್ಬೆರಳಿನ ನಷ್ಟಕ್ಕೆ ನಿಗದಿಯಾಗಿದ್ದ ಶೇ. 30 ಹಿಡಿದಾಗ 5,61,546 ರೂಪಾಯಿ ಆಗುತ್ತಿತ್ತು. ಪಗಾರ ಸುಳ್ಳು ಬರೆದು ವಿಮಾ ಕಂಪನಿಯೊಡನೆ ತಕರಾರು ಎದ್ದರೆ ಇಷ್ಟು ಹಣ ಮಾಲೀಕರ ಕೈಯಿಂದಲೇ ಹೋಗಬೇಕು. ಪರಿಹಾರ ತಡವಾದರೆ ಆಗಿನ ಕಾಯ್ದೆಯಂತೆ ಶೇ. 12ರ ಬಡ್ಡಿ, ಅದರ ಮೇಲೆ ದಂಡ ಬೇರೆ ಇತ್ತು.

ಉಳಿದ ಹಣದಲ್ಲಿ ಸ್ವಲ್ಪವನ್ನು ಚಿಕಿತ್ಸಾ ವೆಚ್ಚದ ಹೆಚ್ಚುವರಿ ರಕ್ಷಣೆಗೆ ಹಾಕಿಸಿದರು. ಗಾಯಗೊಂಡ ನೌಕರನ ಚಿಕಿತ್ಸೆಯ ನಿಜವೆಚ್ಚವನ್ನು ಕಾಯ್ದೆ ಮಾಲೀಕರ ಮೇಲೆ ಹೊರಿಸಿದ್ದರೂ, ನಮ್ಮ ಹಳೆಯ ಪಾಲಿಸಿಯಲ್ಲಿ ಅದು ಸೇರಿರಲಿಲ್ಲ. ಅವಧಿ ಮುಗಿದ ಮೇಲೆ ನಿಜವಾಗಿ ಕೊಟ್ಟ ಪಗಾರದ ಲೆಕ್ಕವನ್ನು ಕಂಪನಿಗೆ ಒಪ್ಪಿಸಬೇಕೆಂದೂ, ಅಂದಾಜಿಗಿಂತ ಕಡಿಮೆಯಾಗಿದ್ದರೆ ಕಂತಿನ ಹೊಂದಾಣಿಕೆ ಕೇಳಬಹುದೆಂದೂ ನನಗೆ ತಿಳಿದದ್ದು ಇವರಿಂದಲೇ.

ಒಂದು ಕೊರತೆಯನ್ನೂ ಹೇಳಬೇಕು. ಅವರು ಒಬ್ಬರೇ ಎಲ್ಲ ಕೆಲಸ ನೋಡುತ್ತಾರೆ, ಮಾರ್ಚ್ ತಿಂಗಳಲ್ಲಿ ಫೋನಿಗೆ ಸಿಗುವುದು ಕಷ್ಟ. ಆದರೆ ನಮ್ಮ ಸೂಪರ್‌ವೈಸರ್ ಅವರ ಬೆರಳು ಗ್ರೈಂಡಿಂಗ್ ಚಕ್ರಕ್ಕೆ ತಗುಲಿ ಏಳು ಹೊಲಿಗೆ ಬಿದ್ದ ದಿನ ಸಂಜೆಯೇ ಅವರು ಶಾಪಿಗೆ ಬಂದು, ಕಂಪನಿಗೆ ಕಳುಹಿಸಬೇಕಾದ ಸೂಚನಾ ಪತ್ರವನ್ನು ಕುಳಿತು ಬರೆಸಿದರು. ಸೂಪರ್‌ವೈಸರ್ ಅವರ ಪಗಾರ 24,000, ಇಎಸ್‌ಐ ಅವರಿಗೆ ಇಲ್ಲ. ಆಸ್ಪತ್ರೆಯ ಬಿಲ್ಲಿನ ಹಣ ಏಳನೆಯ ವಾರದಲ್ಲಿ ಖಾತೆಗೆ ಬಂತು.